ಕೈಗೆ ಕೊಡದ ಚಹಾ

"ನನ್ನ ಮಗನ್ನ ಮುಟ್ಟಾಕ ಹೇಸಿಗಿ ಬರ್ತೈತೇನವಾ?"

ಮದುವೆಯಾಗಿ ಬ್ಯಾಡಗಿಗೆ ಬಂದ ವಾರದಲ್ಲೇ ಅತ್ತೆ ಹೀಗೆ ಕೇಳಿದರು.

ಆಗಿದ್ದಿಷ್ಟೇ. ನಮಾಜಿಗೆಂದು ಕೈಕಾಲು ಮುಖ ತೊಳೆದು ಬಂದಿದ್ದೆ. ಹಾಗೆ ತೊಳೆದು ಶುದ್ಧವಾಗುವುದಕ್ಕೆ ನನ್ನ ತವರು ಉಪ್ಪಿನಂಗಡಿಯಲ್ಲಿ ವುಳು ಎನ್ನುತ್ತೇವೆ, ಇಲ್ಲಿ ವಜೂ. ಗಂಡ ಚಹಾ ಕೊಡುವಾಗ ಬೆರಳು ತಗುಲಿತು. ಮತ್ತೆ ಬಚ್ಚಲಿಗೆ ಹೋದೆ. ಶಾಫಿ ಪಂಥದ ನಮಗೆ ಗಂಡನ ಕೈ ಸೋಕಿದರೂ ವುಳು ಮುರಿಯುತ್ತದೆ. ಇವರು ಹನಫಿಗಳು, ಇವರಿಗೆ ಮುರಿಯುವುದಿಲ್ಲ. ಸಾಲದ್ದಕ್ಕೆ ನಮ್ಮಲ್ಲಿ ಹಿತ್ತಲಲ್ಲೇ ಬಾವಿ. ಇಲ್ಲಿ ನಲ್ಲಿ ಬಂದ ದಿನ ತುಂಬಿಟ್ಟ ನೀರಿನಲ್ಲೇ ಎಲ್ಲ ಸಾಗಬೇಕು.

ತಮಾಷೆಯೆಂದರೆ ಎರಡೂ ಮತ ನನಗೆ ಬಾಯಿಪಾಠ. ಕುರ್‌ಆನಿನ ವಿಧಿವಚನಗಳಿಗೆ ಹಿಂದಿನವರು ಬರೆದ ವ್ಯಾಖ್ಯಾನವನ್ನು ಊರಿನ ಹೆಣ್ಣುಮಕ್ಕಳ ಮದರಸಾದಲ್ಲಿ ಓದಿದವಳು ನಾನು. ಅಲ್ಲಿ ಒಬ್ಬ ಇಮಾಮರ ವಾದ, ಇನ್ನೊಬ್ಬರ ಉತ್ತರ ಒಂದೇ ಪುಟದಲ್ಲಿ ಮರ್ಯಾದೆಯಿಂದ ಕುಳಿತಿದ್ದವು. ಅದನ್ನು ಅತ್ತೆಗೆ ಹೇಳೋಣವೆಂದರೆ ಅವರ ಉರ್ದು ನನಗೆ ಬಾರದು, ನನ್ನ ಬ್ಯಾರಿ ಭಾಷೆ ಅವರಿಗೆ ತಿಳಿಯದು. ಉಳಿದದ್ದು ಕನ್ನಡ.

"ಇಬ್ಬರು ಇಮಾಮರೂ ಸರಿಯೇ, ಅಮ್ಮೀ."

"ಹಂಗಾದ್ರ ನಮ್ದು ಹಿಡಿ. ಈ ಮನಿಗೆ ಬಂದೀದಿ."

ಊರಿಗೆ ಫೋನ್ ಮಾಡಿದರೆ ಬಾಪ, "ಮದುವೆಯಾಯ್ತೂಂತ ಹುಟ್ಟಿದ ಪಂಥ ಬಿಡ್ಲಿಕ್ಕುಂಟಾ ಮಗಳೇ?" ಎಂದರು. ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಅತ್ತುಬಿಟ್ಟೆ.

ಗಂಡನಿಗೆ ಗೋಣಿಚೀಲದ ಅಂಗಡಿ, ಮೆತ್ತಗಿನ ಸ್ವಭಾವ. "ನೀ ಚಿಂತಿ ಮಾಡಬ್ಯಾಡ," ಎಂದು ಅವರೇ ದಾರಿ ಹುಡುಕಿದರು. ಅಂದಿನಿಂದ ಚಹಾ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ. ನಮಾಜಿನ ಹೊತ್ತಿಗಷ್ಟೇ ಅಲ್ಲ, ದಿನವಿಡೀ. ನನಗೆ ಯಾವಾಗ ವುಳು ಇದೆ, ಯಾವಾಗ ಇಲ್ಲ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಕೇಳಲು ಅವರಿಗೆ ಸಂಕೋಚ, ಹೇಳಲು ನನಗೆ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಲ್ಲಿ ವುಳು ಮಾಡಿ ಬಂದ ಉಮ್ಮನಿಗೆ ಬಾಪ ಕನ್ನಡಕವನ್ನು ಮೇಜಿನ ಮೇಲಿಟ್ಟು ಕೊಟ್ಟರು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಹುಟ್ಟಿದಾಗಿನಿಂದ ಕಂಡದ್ದೇ. ಆದರೂ ನೋಡಲಾಗದೆ ಎದ್ದು ಒಳಗೆ ಹೋದೆ.

ವಾಪಸು ಬರುವಾಗ ಹರಿಹರದಲ್ಲಿ ಬಸ್ಸು ನಿಂತಿತು, ವುಳು ಮಾಡಿಕೊಂಡೆ. ರಾಣೆಬೆನ್ನೂರು ನಿಲ್ದಾಣಕ್ಕೆ ಗಂಡ ಬಂದಿದ್ದರು. ನಮ್ಮ ಶಾಫಿ ಲೆಕ್ಕಕ್ಕೆ ಸಂಜೆಯ ಅಸರ್ ನಮಾಜಿನ ಹೊತ್ತಾಗಿತ್ತು. ಹನಫಿಗಳಿಗೆ ಅದು ತುಸು ತಡ, ಇಲ್ಲಿನ ಬಾಂಗ್ ಇನ್ನೂ ಕೂಗಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೈ ಚಾಚಿದೆ. ಅವರು ಹಿಡಿಯಲು ಬಂದವರು ತಡೆದು, ಮೊದಲ ಸಲ ಬಾಯಿಬಿಟ್ಟು ಕೇಳಿದರು:

"ವಜೂ ಐತೇನು?"

ಇತ್ತು. "ಇಲ್ಲ," ಎಂದೆ.

ಕೈ ಹಿಡಿದು ಇಳಿಸಿಕೊಂಡರು. ಇದ್ದ ವುಳು ಮುರಿಯಿತು, ಮನೆಗೆ ಹೋಗಿ ಮತ್ತೆ ನೀರು ಮುಟ್ಟಬೇಕು. ಅತ್ತೆ ನೋಡುತ್ತಿರುತ್ತಾರೆ, ಇವರೂ ನೋಡುತ್ತಾರೆ.