ಕರೆದುಕೊಂಡು ಬರಲು ಹೊರಟವಳು

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಕೂಸು ಹೊಸ ರೇನ್‌ಕೋಟ್ ತೊಟ್ಟು ನಮ್ಮ ಬಾಗಿಲಿಗೆ ಬಂದು ನಿಂತಿತು, ತೋರಿಸಲಿಕ್ಕೆಂದೇ. "ಭಾಳ ಛಂದ ಐತಿ" ಎಂದೆ. ಅಷ್ಟರಲ್ಲಿ ಆ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದು, ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈ ಹಾಗೇ ನಿಂತುಬಿಟ್ಟಿತು. ನಿಮಗೂ ಹೀಗೆ ಆಗುವುದುಂಟೋ ಏನೋ. ಹೆಂಚಿನ ಮೇಲಿನ ರೊಟ್ಟಿ ಸೀದದ್ದು ನನಗೆ ಆಮೇಲೆ ಗೊತ್ತಾಯಿತು.

ನನ್ನ ಮಗಳು ವೈಷ್ಣವಿ ಮೂರನೇ ತರಗತಿಯಲ್ಲಿದ್ದಾಗಿನ ಮಾತು. ಬೈರಿದೇವರಕೊಪ್ಪದ ಇದೇ ಮನೆ. ನಾನು ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದೆ, ಈಗಲೂ ಅಲ್ಲೇ. ಒರಟು ಉಕ್ಕಿನ ತುಂಡು ತಿರುಗುತ್ತ ತಿರುಗುತ್ತ ಕನ್ನಡಿಯ ಹೊಳಪಿಗೆ ಬರುವುದನ್ನು ನೋಡುವ ಸುಖ ಎಂಥದೆಂದು ಅತ್ತೆಯವರಿಗೆ ವಿವರಿಸಲು ಹೋಗಿ ಸೋತಿದ್ದೇನೆ. ಅವರು ಗರಗದವರು, ಮಾತು ಚುಟುಕು. "ತಂಬಿಗಿ ತಿಕ್ಕಿದ್ರೂ ಹೊಳಿತೈತಲ್ಲವಾ" ಅಂದಿದ್ದರು.

ಆ ದಿನ ಬೆಳಗಿನಿಂದ ಒಂದೇ ಸಮ ಮಳೆ. ಶಾಲೆಯನ್ನು ಮಧ್ಯಾಹ್ನಕ್ಕೇ ಬಿಟ್ಟಿದ್ದರು. ಮಷೀನಿನ ಹತ್ತಿರ ಫೋನ್ ಇಟ್ಟುಕೊಳ್ಳುವಂತಿಲ್ಲ. ಚಹಾದ ಬಿಡುವಿನಲ್ಲಿ ತೆಗೆದು ನೋಡಿದರೆ ಪರದೆಯ ತುಂಬ ಗಂಡನ ಹೆಸರು.

"ವೈಷ್ಣವಿ ನಿನ್ನ ಕಡೆ ಬಂದಾಳೇನು?"

"ನನ್ನ ಕಡೆ ಹೆಂಗ ಬರ್ತಾಳ? ಯಾಕ?"

"ಮನಿಗೆ ಬಂದಿಲ್ಲ. ಸಾಲ್ಯಾಗೂ ಇಲ್ಲ. ನಮ್ಮವ್ವ ಕರಿಯಾಕ ಬರ್ತಾಳಂತ ಹೇಳಿ ಆಟೋ ಹತ್ತಲಿಲ್ಲಂತ."

ಮಷೀನು ಬಂದ್ ಮಾಡಿದೆನೋ ಇಲ್ಲವೋ, ಸ್ಕೂಟರಿನ ಕೀಲಿ ಯಾರ ಕೈಯಿಂದ ಇಸಿದುಕೊಂಡೆನೋ, ನೆನಪಿಲ್ಲ. ನೆನಪಿರುವುದು ರಸ್ತೆಬದಿಯ ಗಟಾರು ಮಾತ್ರ. ಕೆಂಪು ನೀರು ದಂಡೆ ಮೀರಿ ಓಡುತ್ತಿತ್ತು. ಅವಳ ರೇನ್‌ಕೋಟು ಹಳದಿ, ಆ ವಾರವಷ್ಟೇ ಕೊಂಡ ಹೊಸದು. ಆ ದಿನ ಲೋಕದಲ್ಲಿ ಎಷ್ಟೊಂದು ಹಳದಿ ಸಾಮಾನುಗಳಿದ್ದವು! ಲಾರಿಗೆ ಹೊದಿಸಿದ ತಾಡಪತ್ರಿ, ಅಂಗಡಿಯ ಮುಂದಿನ ಎಣ್ಣೆಯ ಡಬ್ಬಿ, ಗಟಾರಿನಲ್ಲಿ ಸಿಕ್ಕಿಬಿದ್ದ ಒಂದು ಪ್ಲಾಸ್ಟಿಕ್ ಚೀಲ. ಆ ಚೀಲದ ಹತ್ತಿರ ಇಳಿದು ಹೋಗಿ ಕಾಲಿನಿಂದ ಮುಟ್ಟಿ ನೋಡಿದೆ. ಆ ಗಳಿಗೆಯ ಬಗ್ಗೆ ಇನ್ನೂ ಹೆಚ್ಚು ಬರೆಯಲು ನನ್ನಿಂದಾಗದು.

ಬೈಪಾಸಿನ ತಿರುವಿನ ಚಹಾದಂಗಡಿಯಲ್ಲಿ ಅವಳು ಕೂತಿದ್ದಳು, ತೊಡೆಯ ಮೇಲೆ ಪಾಟೀಚೀಲ ಇಟ್ಟುಕೊಂಡು.

"ನಿಮ್ಮ ಕೂಸೇನ್ರಿ?" ಅಂಗಡಿಯ ಹೆಣ್ಣುಮಗಳು ಕೇಳಿದಳು. "ತಾರಿಹಾಳಕ್ಕ ಯಾವ ಹಾದಿ ಅಂತ ಕೇಳಾಕತ್ತಿತ್ತು. ಮುಂದ ಬಿಡಬಾರದಂತ ನಾನಾ ಕುಂದರಿಸೇನಿ. ಎಷ್ಟ್ ಕೇಳಿದ್ರೂ ನಂಬರ್ ಹೇಳವಲ್ದು."

ಅಪ್ಪಿಕೊಂಡೆನೋ ಅಲ್ಲಾಡಿಸಿದೆನೋ, ಎರಡೂ ಒಟ್ಟಿಗೇ ಆಯಿತು. "ಎಲ್ಲಿಗೆ ಹೊಂಟಿದ್ದಿ?"

"ನಿನ್ನ ಕರಕೊಂಡು ಬರಾಕ," ಎಂದಳು. "ಎಲ್ಲಾರ ಅವ್ವಂದಿರೂ ಬಂದಿದ್ರು."

ಸಂಜೆ ಧಾರವಾಡದಿಂದ ನಾದಿನಿ ಓಡಿಬಂದಳು. "ಕೂಸಿಗಿಂತ ಕಬ್ಬಿಣ ಹೆಚ್ಚಾತೇನು, ವೈನಿ?" ಎಂದಳು. ಗಂಡ ಚಹಾದ ಕಪ್ಪನ್ನು ನೋಡುತ್ತ ಕೂತಿದ್ದರು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. "ಕೆಲಸ ಬಿಡ್ತೇನಿ" ಎಂದು ನಾನೇ ಹೇಳಿದೆ.

ಬಿಟ್ಟು ಮನೆಯಲ್ಲಿ ಕೂತವಳು ಸುಮ್ಮನೆ ಕೂತೆನೇ? ರೊಟ್ಟಿಯ ಅಂಚು ಸಮ ಬಂದಿದೆಯೇ, ಗೋಡೆಯ ಫೋಟೋ ಒಂದು ಕೂದಲೆಳೆ ಓರೆಯಾಗಿದೆಯೇ, ಮಗಳ ಅಕ್ಷರ ಗೆರೆ ಬಿಟ್ಟು ಮೇಲೆದ್ದಿದೆಯೇ, ಎಲ್ಲವನ್ನೂ ತಪಾಸಣೆ ಮಾಡತೊಡಗಿದೆ. ಗಂಡ ತಲೆ ಬಾಚಿಕೊಂಡ ಬೈತಲೆಯನ್ನೂ ಬಿಡಲಿಲ್ಲ. ಶಾಲೆಯ ಗೇಟಿನಲ್ಲಿ ಎಲ್ಲರಿಗಿಂತ ಮೊದಲು ನಾನೇ ಹಾಜರು. ಆದರೆ ಗೇಟಿನಿಂದ ಮನೆಯವರೆಗೆ ನಾನೇ ಮಾತಾಡಬೇಕು. ಅವಳು ಉತ್ತರವನ್ನಷ್ಟೇ ಕೊಡುವಳು. ದೀಪಾವಳಿಯ ಹೊತ್ತಿಗೆ, ನಾನು ಹತ್ತಿರ ಬಂದರೆ ಅವಳು ಬರೆಯುತ್ತಿದ್ದ ಚಿತ್ರವನ್ನು ಮುಂಗೈಯಿಂದ ಮುಚ್ಚಿಕೊಳ್ಳತೊಡಗಿದಳು.

ಅದನ್ನು ನೋಡಿದವರು ಅತ್ತೆ. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ, ನನ್ನ ಮುಖ ನೋಡದೆಯೇ ಅಂದರು: "ನೀ ಕೆಲಸಕ್ಕ ಹೋಗು. ಮನ್ಯಾಗ ಕುಂತು ಎಲ್ಲಾರನ್ನೂ ಮಷೀನಿಗೆ ಹಾಕಾಕತ್ತಿ."

ಅಳು, ನಗು ಎರಡೂ ಬಂದವು. ಮತ್ತೆ ಕೆಲಸಕ್ಕೆ ಹೋಗುತ್ತೇನೆಂದು ಸಂಜೆ ಗಂಡನಿಗೆ ಹೇಳಿದೆ. "ಮತ್ತ ಹಂಗ ಆದ್ರ?" ಎಂದರು.

ನಾನೂ ಬಿಡಲಿಲ್ಲ. "ಅವತ್ತು ಅವ್ವ ಎಲ್ಲಿದ್ಲು ಅಂತ ಎಲ್ಲಾರೂ ಕೇಳಿದ್ರು. ಅಪ್ಪ ಎಲ್ಲಿದ್ದ ಅಂತ ಒಬ್ಬರೂ ಕೇಳಲಿಲ್ಲ. ನೀವೂ ಕೇಳ್ಕೊಳ್ಳಲಿಲ್ಲ."

ಮದುವೆಯಾದಾಗಿನಿಂದ ಅಂಥ ಮಾತು ನಮ್ಮ ನಡುವೆ ಬಂದಿರಲಿಲ್ಲ. ಅವರು ಎದ್ದು ಹೊರಗೆ ಹೋದರು. ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದಷ್ಟೇ. ಮೂರನೆಯ ದಿನ ಉಣ್ಣುತ್ತ, "ಸಾಲ್ಯಾಗ ನನ್ನ ನಂಬರ್ ಮದಲ ಬರಸಿ ಬಂದೇನಿ," ಎಂದರು.

ಇನ್ನು ಉಳಿದವಳು ಮಗಳು. ಅವಳ ಮುಂದೆ ಕೂತು ಅದನ್ನೇ ಹೇಳಿದೆ. "ಮಳಿ ಬಂದ್ರ ನೀ ಬರ್ತೀಯೇನು?" ಎಂದಳು. ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು!

"ಒಮ್ಮೊಮ್ಮೆ ಬರಾಕ ಆಗಂಗಿಲ್ಲ," ಎಂದೆ. "ಆದ್ರ ಯಾರರ ಒಬ್ಬರು ಬಂದಾ ಬರ್ತಾರ. ಅಲ್ಲಿತನಾ ನೀ ಗೇಟ್ ದಾಟಬಾರದು."

ಅವಳು ಒಪ್ಪಿದಳೆಂದು ಹೇಳಲಾರೆ. ತಲೆ ತಗ್ಗಿಸಿ, ನನ್ನ ಬಳೆಯನ್ನು ತಿರುವುತ್ತ ಕೂತಿದ್ದಳು. ಮರುವಾರ ನಾನು ಮತ್ತೆ ತಾರಿಹಾಳದ ದಾರಿ ಹಿಡಿದೆ. ಆಮೇಲೆ ಆಕಾಶ ಕಪ್ಪಾದ ಪ್ರತಿ ಮಧ್ಯಾಹ್ನವೂ ಚಹಾದ ಬಿಡುವಾದೊಡನೆ ಮೊದಲು ಫೋನ್ ತೆಗೆದು ನೋಡುತ್ತಿದ್ದೆ. ಕೆಲಸ ಮಾತ್ರ ಬಿಡಲಿಲ್ಲ.

ವೈಷ್ಣವಿ ಈಗ ಡಿಗ್ರಿ ಓದುತ್ತಿದ್ದಾಳೆ. ಇವತ್ತು ಆ ಕೂಸು ಹೋದ ಮೇಲೆ, ನಾಷ್ಟಾಕ್ಕೆ ಕೂತವಳನ್ನು ಮೊದಲ ಸಲ ಕೇಳಿದೆ: "ಆ ಮಳಿ ದಿನ ನೆನಪೈತೇನು ನಿನಗ?"

"ಐತಿ," ಎಂದಳು. "ಭಾಳ ಅಂಜಿದ್ದೆ. ನಿನ್ನ ಮ್ಯಾಲೆ ಇನ್ನೂ ಒಂಚೂರು ಸಿಟ್ಟೈತಿ."

"ಆದ್ರ" ಎಂದು ಮುಂದುವರಿಸುತ್ತಾಳೆಂದು ಕಾದೆ. ತಾಯಂದಿರಿಗೆ ಆ "ಆದ್ರ" ಬೇಕಾಗಿರುತ್ತದೆ. ಅವಳು ಹೇಳಲಿಲ್ಲ. ಚಟ್ನಿ ಇನ್ನಷ್ಟು ಹಾಕಿಸಿಕೊಂಡಳು, ತಿಂದು ಕೈ ತೊಳೆದು ಕಾಲೇಜಿಗೆ ಹೊರಟಳು. ಆ ಸಿಟ್ಟು ಅವಳದು, ಅವಳ ಹತ್ತಿರವೇ ಇರಲಿ ಎಂದುಕೊಂಡೆ. ನನಗೂ ಹೊತ್ತಾಗಿತ್ತು. ಬಾಗಿಲು ಎಳೆದುಕೊಂಡು ಸ್ಕೂಟರ್ ಚಾಲೂ ಮಾಡಿದೆ.