ಖಣ ನಮ್ಮದು

ಬೀಳಗಿಯೊಳಗ ತಂಗಿ ಮನಿ ಹಿತ್ತಲಕ್ಕ ಹೋಗಿದ್ದೆ. ಗಿಳಿ ಬರಬಾರದಂತ ಪೇರಲ ಗಿಡಕ್ಕ ಹಳೇ ಸಿಡಿ ಕಟ್ಟ್ಯಾರ. ಒಂದರ ಮ್ಯಾಲ ಕಪ್ಪು ಮಸಿಯಾಗ 'ಅಂಚು-ಸೆರಗು' ಅಂತ ಗುಂಡನ ಅಕ್ಷರ. ವನಮಾಲಾನ ಕೈಬರಹ! ನೋಡ್ರಿ, ನಲವತ್ತೈದು ದಾಟಿದ ಗಂಡಸು, ಗಿಡದ ಬುಡಕ್ಕ ಕುಂತ ಬಿಟ್ಟೆ.

ಆಗ ಬನಹಟ್ಟಿಯೊಳಗ ನಂದೊಂದು ಕಂಪ್ಯೂಟರ್ ಅಂಗಡಿ. ಮಗ್ಗದ ಸಪ್ಪಳದಾಗ ಮಾತಾಡಬೇಕಂದ್ರ ಒದರಬೇಕು. ವನಮಾಲಾ ಜಮಖಂಡಿಯಿಂದ ಬಸ್ಸಿಗೆ ಬಂದು ಸೀರಿ ಅಂಚಿನ ನಕ್ಷಿ ಕಂಪ್ಯೂಟರಿನಾಗ ಬರೀತಿದ್ದಳು. ಚಿತ್ರ ಬರಿಯೋ ತಂತ್ರಾಂಶ ಪುಕ್ಕಟೆ. ಎಲ್ಲೆಲ್ಲಿಯೋ ದೇಶದವರು ಕೂಡಿ ಮಾಡಿ, ಬೇಕಾದವರು ತಗೋರಿ, ತಿದ್ದಿಕೋರಿ ಅಂತ ಬಿಟ್ಟದ್ದು. ಅದಕ್ಕ ಜೋಡಿಸಿಕೊಳ್ಳೋ 'ಅಂಚು-ಸೆರಗು' ಅನ್ನೋ ನಮ್ಮ ನಕ್ಷಿಗಳ ಕಟ್ಟನ್ನ ಬ್ಯಾರೆ ಸಿಡಿಯಾಗ ಹಾಕಿ, ಮೂಲ ತಂತ್ರಾಂಶದ ಸಿಡಿ ಜೋಡಿ ನೇಕಾರರಿಗೆ ಹಂಚತಿದ್ವಿ. ಎರಡೂ ಒಂದರಾಗ ಯಾಕ ಹಾಕಂಗಿಲ್ಲ ಅಂತ ಯಾರರ ಕೇಳಿದ್ರ ಆಕಿ, "ಸೀರಿ ಅವರದ್ರೀ, ಕುಬಸದ ಖಣ ನಮ್ಮದು. ಖಣಾನ ಸೀರಿಗೆ ಹೊಲದು ಕೊಡ್ತಾರೇನು?" ಅಂತಿದ್ದಳು.

ಆಕಿ ಬರೋ ಬಸ್ಸು ತಡಾ ಆದ್ರ ನನಗ ಚಹಾ ಸೇರತಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಹೇಡಿ ಸುಳೇಮಗ ನಾನು. ಮುಧೋಳದ ವರ ಬಂದ, ಲಗ್ನ ಗಟ್ಟಿ ಆತು.

ಅದ ವಾರ ಆ ತಂತ್ರಾಂಶ ಮಾಡಿದ ಯೋಜನೆಯವರ ಪತ್ರ ಬಂತು: ನಿಮ್ಮ ನಕ್ಷಿಕಟ್ಟು ಛಲೋ ಐತಿ, ನಮ್ಮ ತಂತ್ರಾಂಶದ ಜೋಡಿ ನಾವೂ ಹಂಚತೇವಿ, ಮಾಡಿದವರ ಹೆಸರು ಕಳಸ್ರಿ. ವನಮಾಲಾನ ಮನಿತನದಾಗ ಲಗ್ನದ ದಿನ ಹುಡುಗಿ ಹೆಸರು ಬದಲಿಸೋ ಪದ್ಧತಿ. ಗಂಡ ಅಕ್ಕಿಯೊಳಗ ಹೊಸ ಹೆಸರು ಬರೀತಾನ. ಇವತ್ತೊಂದು, ನಾಳೆ ಒಂದು, ಯಾವುದಂತ ಬರೀಲಿ ಅಂತ ನೆವಾ ಮಾಡಿಕೊಂಡು ನನ್ನ ಹೆಸರು ಬರದೆ. ಖರೆ ಅಂದ್ರ ಹೊಟ್ಟಿಕಿಚ್ಚು.

ಕೆಲಸದ ಕಡೀ ದಿನ ಆಕಿ ಕಂಪ್ಯೂಟರ್ ಪರದೆ ಮ್ಯಾಲ ನಾ ಬರದ ಉತ್ತರ ನೋಡಿದಳು.

"ನನ್ನ ಹೆಸರು ಎಲ್ಲೈತ್ರಿ?"

"ಹಾಕಸ್ತೇನಿ, ತಡಿ" ಅಂದೆ. ಆಕಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಮ್ಯಾಲ ಆ ಅಂಗಡಿಯಾಗ ನನಗ ಮನಸ್ಸ ನಿಲ್ಲಲಿಲ್ಲ.

ಈಗ ಬೀಳಗಿಯಿಂದ ಬಂದ ಕೂಡಲೆ ಯೋಜನೆಯವರಿಗೆ ತಪ್ಪೊಪ್ಪಿಕೊಂಡು ಬರದೆ. ತಾಸಿನೊಳಗ ತಿದ್ದಿ ಕಳಿಸಿದ್ರು. ತಾಸಿನ ಕೆಲಸಕ್ಕ ಇಷ್ಟು ವರ್ಷ! ಅವರಿವರನ್ನ ಕೇಳಿ ನಂಬರ್ ಹುಡುಕಿ ಮುಧೋಳಕ್ಕ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ.

"ಯಾವ ಹೆಸರು ಹಾಕಿಸೀರಿ?" ಅಂದಳು.

"ವನಮಾಲಾ. ಈಗಿನ ಹೆಸರು ಹಾಕಸ್ಲೇನು?"



"ಬ್ಯಾಡ್ರಿ, ಅದ ಇರಲಿ. ನಮ್ಮವ್ವ ಹೋದ ಮ್ಯಾಲ ಆ ಹೆಸರಿಲೆ ನನ್ನ ಯಾರೂ ಕರದಿಲ್ಲ." ಮತ್ತ ಸಣ್ಣ ದನಿಲೆ, "ಇನ್ನೊಮ್ಮೆ ಅನ್ರಿ" ಅಂದಳು.