ಬಾಲಕ್ಕೆ ಬಳಿದ ಬೆಳ್ಳಿ ಬಣ್ಣ

ಮೊನ್ನೆ ಮೊಮ್ಮಗಳು ಜಗಲಿಯ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಪುಟ್ಟ ಬಾಟಲಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಿತ್ತೋ ಏನೋ ಸಿಟ್ಟು, ಎದ್ದೋಗು ಆಚೆಗೆ ಎಂದು ಗದರಿಬಿಟ್ಟೆ. ಮಗು ಬೆಪ್ಪಾಗಿ ನನ್ನ ಮುಖ ನೋಡಿತು. ಪಾಪ, ಅದಕ್ಕೇನು ಗೊತ್ತು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಇದೇ ವಾಸನೆ ನನ್ನ ಬಟ್ಟೆಗೆ, ತಲೆಗೂದಲಿಗೆ, ಕೊನೆಗೆ ಉಣ್ಣುವ ಮುದ್ದೆಗೂ ಹತ್ತಿಕೊಂಡಿತ್ತು...

ಕಿರಂಗೂರಿನ ಹತ್ತಿರದ ಒಂದು ಪಾಳು ಆಲೆಮನೆಯಲ್ಲಿ ನಮ್ಮ ಲೆಕ್ಕದ ಮೇಷ್ಟ್ರು ವಿಮಾನ ಕಟ್ಟುತ್ತಿದ್ದರು. ಹೌದು, ವಿಮಾನವೇ. ಒಬ್ಬರು ಕೂರುವಂಥದ್ದು. ಬೆಲ್ಲ ಬೇಯಿಸುತ್ತಿದ್ದ ಜಾಗದಲ್ಲಿ ಅಲ್ಯುಮಿನಿಯಂ ಪೈಪಿನ ಹಂದರ ನಿಲ್ಲಿಸಿ, ಮೂತಿಗೆ ಹಳೇ ಕಾರೊಂದರ ಎಂಜಿನ್ನು ಕೂರಿಸಿ, ಮೈಗೆಲ್ಲ ಗಟ್ಟಿ ಬಿಳಿ ಬಟ್ಟೆ ಸುತ್ತಿದ್ದರು. ಆ ಬಟ್ಟೆಗೆ ಡೋಪು ಅಂತ ಒಂದು ದ್ರವ ಬಳಿಯಬೇಕು. ಬಳಿದರೆ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯಾಗುತ್ತದೆ. ಉಗುರುಬಣ್ಣದ ವಾಸನೆ ಅದರದ್ದೇ. ಏಳೆಂಟು ವರ್ಷದಿಂದ ರಜೆ ಬಂದಾಗಲೆಲ್ಲ ಅವರಿಗೆ ಇದೇ ಕೆಲಸ. ಊರವರು ಮೊದಮೊದಲು ನಕ್ಕು, ಆಮೇಲೆ ಸುಮ್ಮನಾದರು. ಏಕೆಂದರೆ ಮೇಷ್ಟ್ರ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ಭಾಗ ಮಾಡಿಕೊಳ್ಳುವ ಅಣ್ಣತಮ್ಮಂದಿರು ಜಮೀನಿನ ಅಳತೆಗೆ ಅವರನ್ನೇ ಕರೆಯುತ್ತಿದ್ದರು.

ನನ್ನನ್ನು ಅವರು ಕರೆದದ್ದು ಪ್ರೀತಿಯಿಂದಲ್ಲ. ಪಾಂಡವಪುರದಲ್ಲಿ ನನ್ನದೊಂದು ಶೆಡ್ಡಿತ್ತು. ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುತ್ತಿದ್ದೆ. ಕೆ.ಆರ್.ಪೇಟೆ, ನಾಗಮಂಗಲದಿಂದಲೂ ಗಾಡಿಗಳು ಬರುತ್ತಿದ್ದವು. ಸ್ಪ್ರೇ ಹೊಡೆಯುವ ಗನ್ನು ಸುತ್ತಮುತ್ತ ನನ್ನ ಹತ್ತಿರ ಮಾತ್ರ ಇತ್ತು, ಅದಕ್ಕೇ ಬಂದರು. ಇಲ್ಲದಿದ್ದರೆ ನನ್ನ ಮುಖ ಯಾರು ನೋಡುತ್ತಿದ್ದರು? ಅವರ ಕೈಕೆಳಗೆ ಓದಿ, ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು. ಬೆಂಚಿನ ಮೇಲೆ ನಿಲ್ಲಿಸಿ, ಇವನ ತಲೆಯಲ್ಲಿ ಸೊನ್ನೆಯಾದರೂ ಇದ್ದಿದ್ದರೆ ಹೇಗೋ ಆಗುತ್ತಿತ್ತು ಎಂದು ಇಡೀ ತರಗತಿಯನ್ನು ನಗಿಸಿದ್ದರು. ಹತ್ತು ಹದಿನೈದು ವರ್ಷವಾಗಿದ್ದರೂ ಆ ನಗು ನನ್ನ ಕಿವಿಯಿಂದ ಹೋಗಿರಲಿಲ್ಲ.

ವಿಮಾನಕ್ಕೆ ಯಾವ ಬಣ್ಣ ಅನ್ನುವುದನ್ನು ತೀರ್ಮಾನಿಸಲು ಅವರು ಮಾಡಿದ ಪರೀಕ್ಷೆ ನೆನೆದರೆ ಈಗಲೂ ತಲೆ ತೂಗಬೇಕು. ಒಂದು ಚದರಡಿಯ ಮೂರು ಬಟ್ಟೆ ತುಂಡು ಕತ್ತರಿಸಿದರು. ಒಂದಕ್ಕೆ ನಾನು ಲಾರಿಗೆ ಹೊಡೆಯುವ ಎನಾಮೆಲ್ಲು, ಇನ್ನೊಂದಕ್ಕೆ ಕಾರಿಗೆ ಹೊಡೆಯುವ ಬಣ್ಣ, ಮೂರನೆಯದಕ್ಕೆ ಡೋಪಿನಲ್ಲೇ ಅಲ್ಯುಮಿನಿಯಂ ಪುಡಿ ಕಲಸಿದ ತೆಳ್ಳನೆಯ ಬೆಳ್ಳಿ ಬಣ್ಣ. ಮೂರನ್ನೂ ಎರಡು ತಿಂಗಳು ಬಿಸಿಲಿಗೆ ಕಟ್ಟಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದರು. ಎನಾಮೆಲ್ಲು ಹೊಳೆಯುತ್ತಿತ್ತು, ಆದರೆ ಭಾರ. ಬೆಳ್ಳಿಯದು ಹಗುರ, ಬಿಸಿಲಿಗೂ ಬಗ್ಗಲಿಲ್ಲ. ಬೆಳ್ಳಿಯೇ ಎಂದು ತೀರ್ಮಾನವಾಯಿತು. ಮೈಗೆ ಎರಡು ಕೋಟು, ಬಾಲಕ್ಕೆ ಒಂದೇ ಒಂದು. ಬಾಲ ಭಾರವಾದರೆ ಮೂತಿ ಮೇಲೆದ್ದು, ವಿಮಾನ ಗಾಳಿಯಲ್ಲೇ ನಿಂತು ಬೀಳುತ್ತದೆ ಎಂದು ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಬರೆದು ತೋರಿಸಿದರು. ನಾನು ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ನಮ್ಮ ಕಸುಬಿನಲ್ಲಿ ಗಾಡಿಯ ಹಿಂಭಾಗವೇ ಪೇಂಟರನ ಮರ್ಯಾದೆ. ಎದುರಿಗೆ ಬಂದವನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತಾನೆ, ಹಿಂದೆ ಬರುವವನು ಮೈಲಿಗಟ್ಟಲೆ ನೋಡುತ್ತಾನೆ. ಅದಕ್ಕೇ ಕೈಚಳಕವನ್ನೆಲ್ಲ ಹಿಂದಕ್ಕೆ ಸುರಿಯುತ್ತೇವೆ. ಮೈಗೆ ಎರಡು ಕೋಟು ಹೊಡೆದು ಮುಗಿಸಿದ ದಿನ ಕೈ ತಡೆಯಲಿಲ್ಲ, ಇನ್ನೂ ಬಣ್ಣ ಕಾಣದ ಬಾಲದ ಅಂಚಿಗೆ ಕೂದಲೆಳೆಯಷ್ಟು ಕೆಂಪು ಗೆರೆ ಎಳೆದೆ. ನೋಡಲು ಬಂದಿದ್ದ ಹತ್ತು ಜನರ ಮುಂದೆಯೇ ಮೇಷ್ಟ್ರು ತಿನ್ನರ್ ಅದ್ದಿದ ಬಟ್ಟೆಯಲ್ಲಿ ಅದನ್ನು ಒರೆಸಿಹಾಕಿದರು.

"ಬಣ್ಣ ಬಳಿಯಕ್ಕೆ ತಲೆ ಬೇಕಾಗಿಲ್ಲ ಕಣ್ಲಾ. ನಾನೇಳ್ದಷ್ಟು ಮಾಡು, ಸಾಕು."

ಹತ್ತು ಜನ ನಕ್ಕರು. ಅದೇ ಹಳೇ ನಗು.

ಮಾರನೆಯ ದಿನ ಅವರು ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋದರು. ಬರುವುದು ಮೂರು ದಿನ ಬಿಟ್ಟು. ಲಾರಿಯ ತಗ್ಗು ಮುಚ್ಚಲು ಮೆತ್ತುವ ಲಪ್ಪವನ್ನು ಬಾಲಕ್ಕೆ ತೆಳ್ಳಗೆ ಎಳೆದೆ, ಉಪ್ಪುಕಾಗದದಲ್ಲಿ ಉಜ್ಜಿದೆ, ಬೆಳ್ಳಿ ಹೊಡೆದೆ, ಮತ್ತೆ ಉಜ್ಜಿದೆ, ಮತ್ತೆ ಹೊಡೆದೆ. ಏಳು ಕೋಟು. ಲಾರಿಗೂ ಅಷ್ಟು ಹೊಡೆದವನಲ್ಲ. ಸಿಟ್ಟು ಎಷ್ಟಿತ್ತು, ಕಸುಬಿನ ಚಟ ಎಷ್ಟಿತ್ತು ಎಂದು ಈಗ ಬಿಡಿಸಿ ಹೇಳಲಾರೆ... ಬೆಳ್ಳಿಯ ಮೇಲೆ ಬೆಳ್ಳಿ, ಎಷ್ಟು ಕೋಟೆಂದು ಯಾವ ಕಣ್ಣಿಗೂ ಕಾಣುವುದಿಲ್ಲ. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯುತ್ತಿತ್ತು.

ಮೇಷ್ಟ್ರು ಬಂದು ನೋಡಿ ಬೆರಳಲ್ಲಿ ಸವರಿದರು. ಜೀವಮಾನದಲ್ಲಿ ಮೊದಲ ಸಲ ನನ್ನ ಹೆಗಲ ಮೇಲೆ ಕೈ ಇಟ್ಟು, ಪರವಾಗಿಲ್ಲ ಕಣ್ಲಾ, ಕೆಲಸ ಬತ್ತದೆ ನಿನಗೆ ಅಂದರು. ಆಮೇಲೆ ಕೇಳಿದರು.

"ಒಂದೇ ಕೋಟು ತಾನೆ?"

"ಒಂದೇ, ಮೇಷ್ಟ್ರೆ."

ಬಾಲ ಬಿಚ್ಚಿ ತೂಗಿದ್ದರೆ ಮುಗಿದುಹೋಗುತ್ತಿತ್ತು. ಅವರು ತೂಗಲಿಲ್ಲ. ಚದರಡಿಗೆ ಇಷ್ಟು ಎಂದು ತಕ್ಕಡಿಯಲ್ಲಿ ಗೊತ್ತಾದ ಮೇಲೆ ಉಳಿದದ್ದು ಗುಣಾಕಾರ ತಾನೆ, ಗುಣಾಕಾರದಲ್ಲಿ ಅವರಿಗೆ ಅನುಮಾನ ಬರುವುದುಂಟೆ?

ನಮ್ಮ ಕಡೆ ಎಲ್ಲಿ ನೋಡಿದರೂ ನಾಲೆ, ಗದ್ದೆ, ಕಬ್ಬು. ಓಡಿಸುವಷ್ಟು ಗಟ್ಟಿ ನೆಲ ಇರಲಿಲ್ಲ. ಹಾಗಾಗಿ ರೆಕ್ಕೆ ಬಿಚ್ಚಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಾಗಮಂಗಲದ ಕಡೆಯ ಒಂದು ಒಣಗಿದ ಕೆರೆಯ ಅಂಗಳಕ್ಕೆ ಒಯ್ದೆವು. ಬೆಳಗಿನ ಹೊತ್ತು, ಐವತ್ತು ಜನ ಸೇರಿದ್ದರು. ಮೇಷ್ಟ್ರ ಹೆಂಡತಿ ಕಾಯಿ ಒಡೆದರು. ಮೇಷ್ಟ್ರು ಹತ್ತಿ ಕೂತರು. ವಿಮಾನ ಓಡಿತು, ಎದ್ದಿತು. ಎರಡಾಳು ಎತ್ತರ, ತೆಂಗಿನಮರದೆತ್ತರ. ಜನ ಹೋ ಎಂದರು. ನಾನೂ ಅಂದೆ! ಆಮೇಲೆ ಮೂತಿ ಇನ್ನೂ ಮೇಲಕ್ಕೆ ಹೋಯಿತು, ಹೋಗುತ್ತಲೇ ಇತ್ತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರಲ್ಲ, ಹಾಗೆಯೇ ಒಂದು ಗಳಿಗೆ ನಿಂತು, ಪಕ್ಕಕ್ಕೆ ವಾಲಿ ಬಿತ್ತು.

ಮೇಷ್ಟ್ರನ್ನು ಹೊರಕ್ಕೆ ಎಳೆದುಕೊಂಡೆವು. ಡೋಪು ಬಳಿದ ಬಟ್ಟೆಗೆ ಕಿಡಿ ತಗುಲಿದರೆ ಕೇಳಬೇಕೆ, ಇಡೀ ವಿಮಾನ ಧಗ್ಗನೆ ಉರಿದುಹೋಯಿತು. ಹೇಳಿಬಿಡುತ್ತೇನೆ, ಆ ಬೆಂಕಿ ನೋಡಿ ನನಗೆ ಮೊದಲು ಆದದ್ದು ಸಮಾಧಾನ. ನನ್ನ ಏಳು ಕೋಟೂ ಬೂದಿಯಾದವು.

ಮೇಷ್ಟ್ರ ಸೊಂಟ ಮುರಿದಿತ್ತು. ಕಾಲಿಗೆ ಮತ್ತೆ ಬಲ ಬರಲಿಲ್ಲ. ಊರಿನ ಬಾಯಿ ಬಿಡುತ್ತದೆಯೇ? ಬಸ್ ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯಲ್ಲಿ ಒಂದೇ ಮಾತು: "ಲೆಕ್ಕದ ಮೇಷ್ಟ್ರಿಗೆ ಲೆಕ್ಕ ತಪ್ಪೋಯ್ತಂತೆ ಕಣ್ಲಾ." ಎಲ್ಲರ ಜೊತೆ ನಾನೂ ನಕ್ಕೆ. ಜಮೀನಿನ ಅಳತೆಗೆ ಕರೆಯುವುದನ್ನು ಜನ ನಿಲ್ಲಿಸಿದರು. ಶಾಲೆಯವರು ಗಾಲಿಕುರ್ಚಿಯಲ್ಲೇ ಬಂದು ಪಾಠ ಮಾಡಿ ಅಂದರೂ, ಲೆಕ್ಕ ತಪ್ಪಿದವನು ಮಕ್ಕಳ ಮುಂದೆ ಹೇಗೆ ನಿಲ್ಲಲಿ ಎಂದು ಅವರೇ ಕೆಲಸ ಬಿಟ್ಟರು.

ಆಮೇಲಿನ ಆರು ವರ್ಷ ಅವರು ಮಂಚದ ಮೇಲೆ ಮಲಗಿ ತಮ್ಮ ತಪ್ಪು ಹುಡುಕಿದರು. ನೋಟ್‌ಬುಕ್ಕಿನ ಮೇಲೆ ನೋಟ್‌ಬುಕ್ಕು. ಮೊದಲಿಂದ ಗುಣಿಸಿ, ಕೂಡಿ, ಹೊಡೆದುಹಾಕಿ, ಮತ್ತೆ ಮೊದಲಿಂದ. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಏಕೆ ಹೋಗುತ್ತಿದ್ದೆನೋ... ಅವರ ಹುಡುಕಾಟ ಎಲ್ಲಿಗೆ ಮುಟ್ಟಿದೆಯೋ ಎಂಬ ಭಯವೇ ಇರಬೇಕು. ಪ್ರತಿ ಸಲವೂ ಅದೇ ಪ್ರಶ್ನೆ, ಒಂದೇ ಕೋಟು ತಾನೆ? ಪ್ರತಿ ಸಲವೂ ಅದೇ ಉತ್ತರ. ಒಂದು ಸಲ ನನ್ನ ಕಣ್ಣನ್ನೇ ದಿಟ್ಟಿಸಿ ಕೇಳಿದರು. ಮಗಳ ತಲೆಯ ಮೇಲೆ ಆಣೆ ಇಟ್ಟೆ.

ಕೊನೆಯ ಸಲ ಹೋದಾಗ ಅವರ ಮುಖ ತಿಳಿಯಾಗಿತ್ತು. ತಪ್ಪು ಸಿಕ್ಕಿತಂತೆ. ಸೀಟಿನ ದೂರವನ್ನು ಎಲ್ಲಿಂದ ಅಳೆದಿದ್ದೆನೋ ನೆನಪಿಲ್ಲ, ಅಲ್ಲೇ ಗೇಣುದ್ದ ಹೆಚ್ಚುಕಮ್ಮಿಯಾಗಿರಬೇಕು, ಇನ್ನೆಲ್ಲೂ ತಪ್ಪಿಗೆ ಜಾಗವೇ ಇಲ್ಲ ಎಂದು ಹೇಳಿ, ಎರಡೂ ಕೈ ಜೋಡಿಸಿದರು.

"ಇಷ್ಟು ವರ್ಸ ನಿನ್ ಮ್ಯಾಲೆ ಅನುಮಾನ ಪಟ್ಬುಟ್ಟೆ ಕಣಪ್ಪ. ನಂದೇ ತಪ್ಪು. ಮನಸಿಗಾಕ್ಕೋಬೇಡ."

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಪರವಾಗಿಲ್ಲ ಬುಡಿ ಮೇಷ್ಟ್ರೆ ಅಂದೆ. ಅವರ ಹೆಂಡತಿ ತಂದ ಕಾಫಿಯನ್ನೂ ಕುಡಿದೆ.

ಹದಿನೈದು ದಿನಕ್ಕೆ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಕಡೆಯವರೆಗೂ ಮೇಷ್ಟ್ರನ್ನು ಬಿಡದವನು ಇವನೊಬ್ಬನೇ ಎಂದು ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು. ಈಗ ಅವರೂ ಇಲ್ಲ. ಆಲೆಮನೆಯ ಜಾಗದಲ್ಲಿ ಕಲ್ಯಾಣಮಂಟಪ ಬಂದಿದೆ. ಆದರೆ ನಮ್ಮ ಕಡೆ ಇವತ್ತಿಗೂ ಯಾರಾದರೂ ಲೆಕ್ಕ ತಪ್ಪಿದರೆ, ಏನ್ಲಾ ವಿಮಾನದ ಮೇಷ್ಟ್ರಾಗೋದ್ಯಾ ಎಂದು ನಗುತ್ತಾರೆ. ಹಾಗೆ ನಗುವ ಹುಡುಗರು ಅವರನ್ನು ನೋಡಿದವರೂ ಅಲ್ಲ. ಎದ್ದು ನಿಂತು ಒಂದು ಮಾತು ಹೇಳಬೇಕು ಅಂದುಕೊಳ್ಳುತ್ತೇನೆ, ಹೇಳಿಲ್ಲ. ಅವರ ಲೆಕ್ಕ ಸರಿಯಾಗಿತ್ತು.